ಮಿಸೊ ಇಲ್ಲ, ದ್ವೆನ್‌ಜಾಂಗ್ ಇಲ್ಲ: ಬದಲಿ ಹಾಕಿದ ಸಾರು ಎಲ್ಲಿ ಕೆಟ್ಟಿತು?

ಮನೆಯವರ ಕೆಲಸದ ಮೇಲೆ ಎರಡು ವರ್ಷ ಕೊರಿಯಾದ ಸುವಾನ್‌ನಲ್ಲಿ ಇದ್ದೆವು. ಪಕ್ಕದ ಮನೆಯ ಅಜ್ಜಿ ದ್ವೆನ್‌ಜಾಂಗ್ ಜಿಗೆ ಮಾಡುವುದನ್ನು ಕಲಿಸಿದರು. ಜಿಗೆ ಎಂದರೆ ಮಜ್ಜಿಗೆಯ ತಂಗಿ ಅಲ್ಲ, ಕುದಿಕುದಿಯುತ್ತಲೇ ಊಟಕ್ಕೆ ಬರುವ ಗಟ್ಟಿ ಸಾರು. ದ್ವೆನ್‌ಜಾಂಗ್ ಎಂದರೆ ಅದಕ್ಕೆ ಹಾಕುವ, ಹುದುಗಿಸಿದ ಸೋಯಾ ಅವರೆಯ ಪೇಸ್ಟ್. ಜಪಾನಿನಲ್ಲಿ ಇಂಥದ್ದೇ ಪೇಸ್ಟ್‌ಗೆ ಮಿಸೊ ಎನ್ನುತ್ತಾರೆ. ಹುಬ್ಬಳ್ಳಿಗೆ ವಾಪಸ್ ಬಂದು, ತಂದ ಡಬ್ಬಿ ಖಾಲಿಯಾದ ಮೇಲೆ ನನ್ನ ಬದಲಿ ಪ್ರಯೋಗ ಶುರುವಾಯಿತು. ಮೊದಲ ಐದಾರು ಸಲ ಮಾಡಿದ್ದನ್ನು ಮಕ್ಕಳು ಮುಟ್ಟಲಿಲ್ಲ. ತಮಾಷೆ ನೋಡಿ, ನಮ್ಮ ಧಾರವಾಡ, ಬೆಳಗಾವಿ, ಬೀದರ ಕಡೆ ಮುಂಗಾರಿನಲ್ಲಿ ಹೊಲದ ತುಂಬ ಸೋಯಾ. ಪೇಸ್ಟ್ ಮಾತ್ರ ಊರಲ್ಲಿ ಸಿಗದು.

ಎಲ್ಲರೂ ಮೊದಲು ಮಾಡುವ ಕೆಲಸವನ್ನೇ ನಾನೂ ಮಾಡಿದ್ದೆ. ಸೋಯಾ ಸಾಸ್ ಬಾಟಲಿ ಬಗ್ಗಿಸಿದೆ. ಎರಡೂ ಸೋಯಾದ್ದೇ ಅಲ್ವಾ ಎಂಬ ಲೆಕ್ಕ. ಲೆಕ್ಕ ತಪ್ಪಿದ್ದು ಎಲ್ಲಿ ಎಂದು ತಿಳಿಯಲು ಕೊರಿಯಾದ ಭರಣಿಯೊಳಗೆ ಇಣುಕಬೇಕು. ಅಲ್ಲಿ ಬೆಂದ ಸೋಯಾ ಕಾಳನ್ನು ಕುಟ್ಟಿ ಇಟ್ಟಿಗೆಯಂತೆ ತಟ್ಟಿ, ಭತ್ತದ ಹುಲ್ಲಿನಲ್ಲಿ ಕಟ್ಟಿ ತೂಗುಹಾಕುತ್ತಾರೆ. ಅದು ಮೆಜು. ಒಣಗಿ ಹುದುಗಿದ ಮೆಜುವನ್ನು ಉಪ್ಪುನೀರಿನ ಭರಣಿಯಲ್ಲಿ 40ರಿಂದ 60 ದಿನ ಮುಳುಗಿಸಿಡುತ್ತಾರೆ. ಆಮೇಲೆ ಬಸಿದ ನೀರು ಗಾನ್‌ಜಾಂಗ್, ಅಂದರೆ ಅವರ ಸೋಯಾ ಸಾಸ್. ಉಳಿದ ಗಟ್ಟಿಯೇ ದ್ವೆನ್‌ಜಾಂಗ್. ಈ ಭರಣಿ ಇಡುವ ಪದ್ಧತಿಯನ್ನು 2024ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಹೋಳಿಗೆ ದಿನ ನೆನಪಿಸಿಕೊಳ್ಳಿ. ಬೇಳೆ ಬೇಯಿಸಿ ಬಸಿದ ಕಟ್ಟು ಸಾರಿಗೆ, ಉಳಿದ ಬೇಳೆ ಹೂರಣಕ್ಕೆ. ಸೋಯಾ ಸಾಸ್ ಕಟ್ಟು, ದ್ವೆನ್‌ಜಾಂಗ್ ಹೂರಣ. ಕಟ್ಟನ್ನು ಮಾತ್ರ ಸುರಿದು ಹೂರಣದ ರುಚಿ ಬರಲಿಲ್ಲ ಎಂದರೆ ಹೇಗೆ? ಪೇಸ್ಟ್ ಪಾತ್ರೆಯಲ್ಲಿ ನಾಲ್ಕು ಕೆಲಸ ಮಾಡುತ್ತದೆ. ಉಪ್ಪು ಕೊಡುತ್ತದೆ. ಜಪಾನಿನವರು ಉಮಾಮಿ ಎನ್ನುವ, ಬಾಯಿ ತುಂಬುವ ರುಚಿ ಕೊಡುತ್ತದೆ. ಅರೆದ ಕಾಳಿನಿಂದ ಸಾರಿಗೆ ಮೈ ಕೊಡುತ್ತದೆ. ಹುದುಗಿದ ಪರಿಮಳ ಕೊಡುತ್ತದೆ. ಸಾರು ಕೆಟ್ಟಾಗ ಈ ನಾಲ್ಕರಲ್ಲಿ ಯಾವ ಕೆಲಸ ಆಗಿಲ್ಲ ಎಂದು ಹುಡುಕಿದರೆ ಸಾಕು.

ಕೈ ಹಾಕುವ ಮುಂಚೆ: ಬಟ್ಟಲು ಪರೀಕ್ಷೆ

ಇಡೀ ಪಾತ್ರೆಗೆ ಏನನ್ನೂ ಸುರಿಯಬೇಡಿ. ಒಲೆ ಆರಿಸಿ. ನಾಲ್ಕು ಸಣ್ಣ ಬಟ್ಟಲಿಗೆ ಒಂದೊಂದು ಸೌಟು ಸಾರು ತೆಗೆದುಕೊಳ್ಳಿ. ಮೊದಲನೆಯದಕ್ಕೆ ನಾಲ್ಕು ಹರಳು ಉಪ್ಪು. ಎರಡನೆಯದಕ್ಕೆ ಅರ್ಧ ಚಮಚ ಟೊಮೆಟೊ ಗೊಜ್ಜು ಅಥವಾ ಅಣಬೆ ನೆನೆಸಿದ ನೀರು. ಮೂರನೆಯದಕ್ಕೆ ನೀರಲ್ಲಿ ಕಲಸಿದ ಒಂದು ಚಿಟಿಕೆ ಹುರಿಗಡಲೆ ಹಿಟ್ಟು (ನಮ್ಮ ಕಡೆ ಪುಟಾಣಿ). ನಾಲ್ಕನೆಯದಕ್ಕೆ ಎರಡು ಚಮಚ ಬಿಸಿನೀರು. ಒಂದೊಂದಾಗಿ ರುಚಿ ನೋಡಿ. ಯಾವ ಬಟ್ಟಲು ಕುಡಿದಾಗ "ಹಾಂ, ಇದು" ಎನಿಸಿತೋ ದೋಷ ಅಲ್ಲಿದೆ. ಖರ್ಚು ನಾಲ್ಕು ಸೌಟು ಸಾರು ಮಾತ್ರ. ನಾನು ಈ ಬುದ್ಧಿ ಕಲಿಯುವ ಮೊದಲು ಎರಡು ಪಾತ್ರೆ ಸಾರು ಚೆಲ್ಲಿದ್ದೇನೆ.

"ಕೆಂಪಗೆ ಆಯಿತು, ಖಾರ, ಸಿಹಿ ಬೇರೆ"

ಇಲ್ಲಿ ಬದಲಿಯ ಅಳತೆ ತಪ್ಪಿಲ್ಲ, ಪೇಸ್ಟೇ ಬೇರೆ. ಡಬ್ಬಿ ತಿರುಗಿಸಿ ಓದಿ. ಗೊಚುಜಾಂಗ್ ಕೂಡ ಕೊರಿಯಾದ್ದೇ, ಅದರಲ್ಲೂ ಮೆಜು ಪುಡಿ ಇದೆ. ಆದರೆ ಮೆಣಸಿನ ಪುಡಿ, ಅಂಟಕ್ಕಿ ಸೇರಿ ಅದು ಖಾರ ಸಿಹಿ. ಚೀನಾದ ಸಿಚುವಾನ್ ಪ್ರಾಂತ್ಯದ ದೋಬಾನ್‌ಜಿಯಾಂಗ್ ಹೆಸರಲ್ಲಿ ಕಾಳಿದ್ದರೂ ಅದು ಸೋಯಾ ಅಲ್ಲ, ಅಗಲ ಅವರೆ ಜಾತಿಯ ಫಾವಾ ಕಾಳು ಮತ್ತು ಮೆಣಸಿನಕಾಯಿ. ತಿಯಾನ್‌ಮಿಯಾನ್‌ಜಿಯಾಂಗ್ ಮುಖ್ಯವಾಗಿ ಗೋಧಿ ಹಿಟ್ಟಿನದು, ಸಿಹಿ. ಇವನ್ನು ಹಾಕಿದ ಮೇಲೆ ಸಾರನ್ನು ಹಿಂದಕ್ಕೆ ತರಲು ಆಗದು. ನೂಡಲ್ಸ್‌ಗೆ ಬಳಸಿ, ಹೊಸದಾಗಿ ಶುರು ಮಾಡಿ.

ಮಿಸೊ ಬದಲು ದ್ವೆನ್‌ಜಾಂಗ್, ದ್ವೆನ್‌ಜಾಂಗ್ ಬದಲು ಮಿಸೊ, ಎರಡೂ ನಡೆಯುತ್ತದೆ. ಒಂದೇ ಎಚ್ಚರ: ದ್ವೆನ್‌ಜಾಂಗ್ ಗಡುಸು, ಎಷ್ಟು ಕುದಿಸಿದರೂ ತಾಳುತ್ತದೆ, ಮುಕ್ಕಾಲು ಅಳತೆ ಸಾಕು. ಮಿಸೊದ ಪರಿಮಳ ಕುದಿದರೆ ಹಾರಿಹೋಗುತ್ತದೆ, ಒಲೆ ಆರಿಸಿದ ಮೇಲೆ ಕದಡಬೇಕು.

"ಬಾಯಿಗಿಡಲು ಆಗದಷ್ಟು ಉಪ್ಪು"

ಅತಿ ಸಾಮಾನ್ಯ ದೂರು ಇದು. ಕಾರಣ ಲೆಕ್ಕದಲ್ಲಿದೆ. ಒಂದು ದೊಡ್ಡ ಚಮಚ ಪೇಸ್ಟ್ ಸುಮಾರು 18 ಗ್ರಾಂ. ಕೆಂಪು ಮಿಸೊದಲ್ಲಿ ಉಪ್ಪು ಶೇಕಡ 11ರಿಂದ 13, ಅಂದರೆ ಚಮಚಕ್ಕೆ 2 ಗ್ರಾಂ ಆಸುಪಾಸು. ಕ್ಯೋಟೊ ಕಡೆಯ ಬಿಳಿ ಮಿಸೊದಲ್ಲಿ ಶೇಕಡ 5ರಿಂದ 7 ಮಾತ್ರ, ಚಮಚಕ್ಕೆ 1 ಗ್ರಾಂ ಚಿಲ್ಲರೆ. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲಿ ಎರಡೂವರೆ ಗ್ರಾಂ ಹತ್ತಿರ. ಬಿಳಿ ಮಿಸೊ ಹೇಳಿದ ಕಡೆ ಚಮಚಕ್ಕೆ ಚಮಚ ಸೋಯಾ ಸಾಸ್ ಹಾಕಿದರೆ ಉಪ್ಪು ದುಪ್ಪಟ್ಟಾಯಿತು. ಇದರ ಮೇಲೆ ರೂಢಿಯಿಂದ ಕೈಯಾರೆ ಉಪ್ಪು ಹಾಕಿರುತ್ತೀರಿ, ನೋಡಿ.

ಮೊದಲ ಪರಿಹಾರ ಬಿಸಿನೀರು. ನಾಲ್ಕನೆಯ ಬಟ್ಟಲು ಚೆನ್ನಾಗಿದ್ದರೆ ಅದೇ ಸಾಕು. ತೆಳ್ಳಗಾಗುತ್ತದೆ ಎನಿಸಿದರೆ ನೀರಿನ ಬದಲು ಅಕ್ಕಚ್ಚು ಹಾಕಿ. ಅಕ್ಕಿಯ ಮೊದಲ ತೊಳೆ ಚೆಲ್ಲಿ, ಎರಡನೆಯ ಸಲ ತೊಳೆದ ಬೆಳ್ಳನೆಯ ನೀರು. ಕೊರಿಯಾದ ಅಜ್ಜಿಯಂದಿರು ಜಿಗೆಗೆ ಇದನ್ನೇ ಬಳಸುತ್ತಾರೆ. ನಾವು ಎಮ್ಮೆಗೆ ಹಾಕುವುದನ್ನು ಅವರು ಸಾರಿಗೆ ಹಾಕುವುದು ಕಂಡು ನನ್ನ ಅತ್ತೆಗೆ ಬಲು ಸೋಜಿಗ. ಅದರ ಗಂಜಿ ಸಾರಿಗೆ ಮೈ ಕೊಟ್ಟು ಉಪ್ಪಿನ ಚೂಪನ್ನು ಮೊಂಡು ಮಾಡುತ್ತದೆ.

ಆಲೂಗಡ್ಡೆ ಹಾಕಿದರೆ ಉಪ್ಪು ಹೀರುತ್ತದೆ ಎನ್ನುತ್ತಾರಲ್ಲ, ಅದು ಅರ್ಧ ನಿಜ. ಆಲೂಗಡ್ಡೆ ಉಪ್ಪನ್ನು ಆರಿಸಿ ಹೀರುವುದಿಲ್ಲ, ಉಪ್ಪು ನೀರನ್ನೇ ಹೀರುತ್ತದೆ. ಉಳಿದ ಸಾರು ಅಷ್ಟೇ ಉಪ್ಪು. ಆದರೂ ಆಲೂಗಡ್ಡೆ, ತೋಫು, ಸೋರೆಕಾಯಿ ಜಾಸ್ತಿ ಹಾಕಿದರೆ ತುತ್ತಿನಲ್ಲಿ ಹಂಚಿಹೋಗುತ್ತದೆ. ಆ ಲೆಕ್ಕದಲ್ಲಿ ಹಾಕಿ, ತೆಗೆದು ಎಸೆಯಬೇಡಿ.

ಮನೆಯಲ್ಲಿ ಬಿಪಿ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿದ್ದರೆ ಇಲ್ಲಿ ನಿಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಒಂದು ಬಟ್ಟಲು ಮಿಸೊ ಸಾರಿನಲ್ಲೇ ಒಂದು ಒಂದೂವರೆ ಗ್ರಾಂ ಹೋಗುತ್ತದೆ. ರುಚಿಗೆ ಹೊಂದಿಸಿದ ಸಾರು ಅವರಿಗೆ ಹೊಂದಲೇಬೇಕು ಎಂದಿಲ್ಲ.

"ಉಪ್ಪು ಸರಿ ಇದೆ, ಆದರೂ ಸಪ್ಪೆ"

ಕಷ್ಟದ ದೂರು ಇದು. ಏನು ಕಡಿಮೆ ಎಂದು ಹೇಳಲು ನಾಲಿಗೆಗೆ ಬರುವುದಿಲ್ಲ. ಎಲ್ಲರೂ ಇನ್ನಷ್ಟು ಉಪ್ಪು ಹಾಕುತ್ತಾರೆ, ಮೇಲಿನ ದೂರಿಗೆ ಬಂದು ನಿಲ್ಲುತ್ತಾರೆ.

ಎರಡನೆಯ ಬಟ್ಟಲು ಚೆನ್ನಾಗಿತ್ತಾ? ಹಾಗಿದ್ದರೆ ಕಡಿಮೆ ಇರುವುದು ಉಮಾಮಿ. 1908ರಲ್ಲಿ ಕಿಕುನಾಯೆ ಇಕೆಡಾ ಎಂಬ ಜಪಾನಿನ ರಸಾಯನ ವಿಜ್ಞಾನಿ ಕೊಂಬು ಎಂಬ ಕಡಲಪಾಚಿಯ ಸಾರಿನಲ್ಲಿ ಈ ರುಚಿಗೆ ಕಾರಣ ಗ್ಲುಟಮೇಟ್ ಎಂದು ಕಂಡುಹಿಡಿದರು. ಸೋಯಾ ಹುದುಗುವಾಗ ಕಾಳಿನ ಪ್ರೊಟೀನ್ ಒಡೆದು ಇದೇ ಗ್ಲುಟಮೇಟ್ ಬಿಡುಗಡೆ ಆಗುತ್ತದೆ. ಹಾಗಾಗಿ ಬರೀ ಬೇಯಿಸಿ ಅರೆದ ಸೋಯಾ ಕಾಳು ಎಷ್ಟು ಹಾಕಿದರೂ ಆ ರುಚಿ ಬರದು.

ಅಗ್ಗದ ದಾರಿಯಿಂದ ಶುರು ಮಾಡೋಣ. ಚೆನ್ನಾಗಿ ಹಣ್ಣಾದ ಒಂದು ಟೊಮೆಟೊ ಅರೆದು, ಎಣ್ಣೆಯಲ್ಲಿ ಹುಳಿ ಹೋಗುವ ತನಕ ಬಾಡಿಸಿ ಒಂದು ಚಮಚ ಸೇರಿಸಿ. ಸಾರು ಕೆಂಪಾಗುವಷ್ಟು ಬೇಡ. ಇದು ಸಾಲದಿದ್ದರೆ ಒಣ ಶಿಟಾಕೆ ಅಣಬೆ ಎರಡನ್ನು ಒಂದು ಲೋಟ ನೀರಲ್ಲಿ ಅರ್ಧ ಗಂಟೆ ನೆನೆಸಿ, ಮಣ್ಣು ತಳದಲ್ಲೇ ಉಳಿಯುವಂತೆ ಮೇಲಿನ ನೀರು ಬಗ್ಗಿಸಿ. ಅಣಬೆಯಲ್ಲಿರುವ ಗ್ವಾನಿಲೇಟ್ ಮತ್ತು ಸೋಯಾ ಸಾಸ್‌ನ ಗ್ಲುಟಮೇಟ್ ಜೊತೆಯಾದರೆ ಒಂದಕ್ಕೊಂದು ಸೇರಿ ರುಚಿ ಎರಡಕ್ಕಿಂತ ಜಾಸ್ತಿ ಆಗುತ್ತದೆ. ನನ್ನ ಅನುಭವದಲ್ಲಿ ಸಸ್ಯಾಹಾರಿ ಮನೆಗೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಅಜಿನೊಮೊಟೊ ಚಿಟಿಕೆಯ ಅರ್ಧ ಹಾಕಿದರೂ ಕೆಲಸ ಆಗುತ್ತದೆ. ಅದು ಗ್ಲುಟಮೇಟೇ, ಅದಕ್ಕೆ ಮುಖ ಸಿಂಡರಿಸುವವರು ಟೊಮೆಟೊ ಹತ್ತಿರ ಹೋಗಿ. ಮಾರ್ಮೈಟ್ (ಯೀಸ್ಟ್‌ನಿಂದ ಮಾಡುವ, ಬ್ರೆಡ್ಡಿಗೆ ಸವರುವ ಉಪ್ಪುಪ್ಪು ಪೇಸ್ಟ್) ಇದ್ದರೆ ಕಾಲು ಚಮಚ ಸಾಕು, ಹೆಚ್ಚಾದರೆ ಕಹಿ.

ಎರಡನೆಯ ಬಟ್ಟಲೂ ಸಪ್ಪೆಯೇ ಇದ್ದು ಮೂರನೆಯದು ಹಿಡಿಸಿದರೆ ಕಡಿಮೆ ಇರುವುದು ಮೈ. ಕಟ್ಟು ಇದೆ, ಹೂರಣ ಇಲ್ಲ. ನಾನು ಈಗ ಬಳಸುವ ಅಳತೆ ಇದು: ಒಂದು ದೊಡ್ಡ ಚಮಚ ಪೇಸ್ಟ್ ಬದಲು 2 ಸಣ್ಣ ಚಮಚ ಸೋಯಾ ಸಾಸ್, 2 ಸಣ್ಣ ಚಮಚ ನುಣ್ಣನೆಯ ಪುಟಾಣಿ ಹಿಟ್ಟು, ಒಂದು ಚಿಟಿಕೆ ಬೆಲ್ಲ. ಬಿಳಿ ಮಿಸೊ ಬದಲಾದರೆ ಸೋಯಾ ಸಾಸ್ 1 ಸಣ್ಣ ಚಮಚ, ಬೆಲ್ಲ ಎರಡು ಚಿಟಿಕೆ. ಪುಟಾಣಿ ಯಾಕೆ ಎಂದರೆ ಅದು ಮೊದಲೇ ಹುರಿದದ್ದು, ಹಸಿ ವಾಸನೆ ಇಲ್ಲ. ಕಡಲೆ ಹಿಟ್ಟು ಹಾಕಿದರೆ ಸಾರು ಜುಣಕದ ಕಡೆ ಹೊರಟುಹೋಗುತ್ತದೆ.

ಒಂದು ಮಾತು ಸಸ್ಯಾಹಾರಿಗಳಿಗೆ. ಜಪಾನಿನಲ್ಲಿ ಮಿಸೊ ಸಾರಿನ ತಳ ದಾಶಿ, ಅದಕ್ಕೆ ಕೊಂಬು ಜೊತೆಗೆ ಒಣಗಿಸಿದ ಬೊನಿಟೊ ಮೀನು ಬೀಳುತ್ತದೆ. ಕೊರಿಯಾದಲ್ಲಿ ಒಣ ನೆತ್ತಳಿ. ಅಲ್ಲಿ ತಿಂದ ರುಚಿಯ ದೊಡ್ಡ ಪಾಲು ಮೀನಿನದು. ಆ ಪಾಲನ್ನು ಪೇಸ್ಟ್ ಬದಲಿಯಿಂದ ತುಂಬಲು ಹೋದರೆ ಸೋಲುತ್ತೀರಿ.

"ಕಪ್ಪಗಾಯಿತು, ಹುಳಿ ಹೊಡೆಯುತ್ತದೆ"

ಬಾಟಲಿ ತೆಗೆದುಕೊಂಡು ಬೆನ್ನು ನೋಡಿ. ಹುದುಗಿಸಿ ಮಾಡಿದ ಸೋಯಾ ಸಾಸ್‌ನಲ್ಲಿ ಮುಖ್ಯವಾಗಿ ನಾಲ್ಕೇ ಹೆಸರು ಇರುತ್ತವೆ: ನೀರು, ಸೋಯಾ, ಗೋಧಿ, ಉಪ್ಪು. ಕಿರಾಣಿಯಲ್ಲಿ ಗೋಬಿ ಮಂಚೂರಿಗೆ ಎಂದು ಮಾರುವ ಹಲವು ಬಾಟಲಿಗಳಲ್ಲಿ ಸಕ್ಕರೆ, ಬಣ್ಣಕ್ಕೆ ಕ್ಯಾರಮೆಲ್ (ಸಂಖ್ಯೆ 150), ಹುಳಿಗೆ ಅಸಿಟಿಕ್ ಆಮ್ಲ (ಸಂಖ್ಯೆ 260) ಇರುತ್ತವೆ. ಅಸಿಟಿಕ್ ಆಮ್ಲವೆಂದರೆ ವಿನೆಗರ್‌ನ ಹುಳಿಯೇ. ಕಪ್ಪು, ಹುಳಿ ಎರಡಕ್ಕೂ ಉತ್ತರ ಸಿಕ್ಕಿತಲ್ಲ.

ಪಾತ್ರೆ ಮುಚ್ಚದೆ ಐದು ನಿಮಿಷ ಕುದಿಸಿದರೆ ಹುಳಿ ಸ್ವಲ್ಪ ಹಾರುತ್ತದೆ. ಒಂದು ಚಿಟಿಕೆ ಬೆಲ್ಲ, ಇನ್ನೊಂದು ಚಮಚ ಪುಟಾಣಿ ಹಿಟ್ಟು ಉಳಿದದ್ದನ್ನು ಮುಚ್ಚುತ್ತವೆ. ಅಡುಗೆ ಸೋಡಾ ಹಾಕುವ ಆಸೆ ಬೇಡ, ಸಾರು ಸೋಪಿನ ನೀರಾಗುತ್ತದೆ. ಬಣ್ಣಕ್ಕೆ ಮದ್ದಿಲ್ಲ. ಮುಂದಿನ ಸಲ ತಿಳಿ ಬಣ್ಣದ, ಹುದುಗಿಸಿ ಮಾಡಿದ ಬಾಟಲಿ ತನ್ನಿ. ದುಬಾರಿ ಹೌದು, ಆದರೆ ಚಮಚದ ಲೆಕ್ಕದಲ್ಲಿ ಖರ್ಚಾಗುವುದು.

"ಗಂಟು ಕಟ್ಟಿತು", "ಹಿಟ್ಟು ತಳಕ್ಕೆ ಇಳಿಯಿತು"

ಗಂಟಿಗೆ ಕಾರಣ ಕುದಿಯುವ ಸಾರಿಗೆ ಒಣ ಹಿಟ್ಟು ಉದುರಿಸಿದ್ದು. ಸೌಟಿನಲ್ಲಿ ಉಗುರುಬೆಚ್ಚಗಿನ ಸಾರು ತೆಗೆದು ಅದರಲ್ಲಿ ಕದಡಿ ಸುರಿಯಿರಿ. ಆಗಲೇ ಗಂಟಾಗಿದ್ದರೆ ಜರಡಿಯಲ್ಲಿ ಸೋಸಿ.

ತಳಕ್ಕೆ ಇಳಿಯುವುದು ದೋಷವೇ ಅಲ್ಲ. ಅಸಲಿ ಮಿಸೊ ಸಾರೂ ಎರಡು ನಿಮಿಷ ಸುಮ್ನೆ ಬಿಟ್ಟರೆ ಮೋಡ ಕೆಳಗೆ, ತಿಳಿ ಮೇಲೆ. ಜಪಾನಿನಲ್ಲಿ ಚಾಪ್‌ಸ್ಟಿಕ್‌ನಿಂದ ಒಂದು ಸುತ್ತು ಕಲಕಿ ಕುಡಿಯುತ್ತಾರೆ.

"ಕಹಿ"

ಯಾವಾಗ ಕಹಿ ಬಂತು ಎಂಬುದರ ಮೇಲೆ ಕಾರಣ. ಒಗ್ಗರಣೆಯಲ್ಲೇ ಸೋಯಾ ಸಾಸ್ ಹಾಕಿದಿರಾ? ಬಿಸಿ ಬಾಣಲೆಯಲ್ಲಿ ಅದು ಕ್ಷಣದಲ್ಲಿ ಸೀಯುತ್ತದೆ. ಎಳ್ಳು ಕಂದು ದಾಟಿ ಹುರಿದಿರಾ? ಬೆಳ್ಳುಳ್ಳಿ ಕರಿದಾಯಿತಾ? ಸೀದ ಕಹಿ ಸಾರಿಗೆ ಇಳಿದ ಮೇಲೆ ತೆಗೆಯಲು ಬರುವುದಿಲ್ಲ. ಬೆಲ್ಲ ಹಾಕಿದರೆ ಕಹಿ ಮತ್ತು ಸಿಹಿ ಎರಡೂ ಬೇರೆ ಬೇರೆ ನಿಂತು ಅಣಕಿಸುತ್ತವೆ. ಚೆಲ್ಲಿಬಿಡಿ.

ಅಸಲಿ ಪೇಸ್ಟ್‌ನಲ್ಲೇ ತುದಿನಾಲಿಗೆಗೆ ಸ್ವಲ್ಪ ಕಹಿ, ಒಗರು ಬಂದರೆ ಗಾಬರಿ ಬೇಡ. ಜಪಾನಿನ ಐಚಿ ಪ್ರಾಂತ್ಯದ ಒಕಾಜಾಕಿಯಲ್ಲಿ ಮಾಡುವ ಹಾಚೊ ಮಿಸೊ ಬರೀ ಸೋಯಾದ್ದು, ಎರಡು ವರ್ಷಕ್ಕೂ ಹೆಚ್ಚು ಮಾಗಿದ್ದು. ಅದರ ಗುಣವೇ ಹಾಗೆ.

"ಹಸಿ ಕಾಳಿನ ವಾಸನೆ"

ಸೋಯಾ ಹಿಟ್ಟು ಬಳಸಿದವರ ದೂರು. ಸೋಯಾ ಕಾಳಿನಲ್ಲಿ ಒಂದು ಕಿಣ್ವವಿದೆ. ಹಸಿ ಕಾಳು ಒಡೆದು ನೀರು ತಾಗಿದ ಕೂಡಲೇ ಅದು ಕಾಳಿನ ಎಣ್ಣೆಯ ಮೇಲೆ ಕೆಲಸ ಮಾಡಿ ಈ ವಾಸನೆ ಎಬ್ಬಿಸುತ್ತದೆ. ಹಿಟ್ಟನ್ನು ಸಣ್ಣ ಉರಿಯಲ್ಲಿ ಬೇಸನ್ ಲಾಡುವಿಗೆ ಹುರಿದಂತೆ ಘಮ ಬರುವ ತನಕ ಹುರಿದು ಬಳಸಿ. ವಾಸನೆ ಈಗಾಗಲೇ ಸಾರಲ್ಲಿದ್ದರೆ ಹದಿನೈದು ನಿಮಿಷ ಕುದಿಸಿ ನೋಡಿ, ಸ್ವಲ್ಪ ಇಳಿಯುತ್ತದೆ.

ಇದು ಬರೀ ರುಚಿಯ ಮಾತಲ್ಲ. ಸರಿಯಾಗಿ ಬೇಯದ ಸೋಯಾದಲ್ಲಿ ಪ್ರೊಟೀನ್ ಜೀರ್ಣವಾಗದಂತೆ ತಡೆಯುವ ಅಂಶಗಳಿವೆ, ಹೊಟ್ಟೆ ಕೆಡುತ್ತದೆ. ಇಡೀ ಕಾಳು ಬೇಯಿಸಿ ಅರೆಯುವವರು ರಾತ್ರಿ ನೆನೆಸಿ, ನೀರು ಚೆಲ್ಲಿ, ಬೆರಳಲ್ಲಿ ಹಿಸುಕಿದರೆ ಬೆಣ್ಣೆಯಾಗುವಷ್ಟು ಬೇಯಿಸಿ. ಕುಕ್ಕರ್ ಹುಷಾರು. ಸೋಯಾ ಬೇಯುವಾಗ ನೊರೆ ಉಕ್ಕುತ್ತದೆ, ಸಿಪ್ಪೆ ಬಿಟ್ಟುಕೊಂಡು ವಿಷಲ್ ತೂತಿಗೆ ಸಿಕ್ಕಿಕೊಳ್ಳುತ್ತದೆ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬಬೇಡಿ, ಒಂದು ಚಮಚ ಎಣ್ಣೆ ಹಾಕಿ. ವಿಷಲ್ ಬರಬೇಕಾದ ಹೊತ್ತಿಗೆ ಬರದಿದ್ದರೆ ಒಲೆ ಆರಿಸಿ, ತಾನಾಗಿ ಆರುವ ತನಕ ಮುಟ್ಟಬೇಡಿ.

"ಮನೆ ತುಂಬ ವಾಸನೆ, ಪಕ್ಕದವರು ಬಾಗಿಲು ತಟ್ಟಿದರು"

ಹಾಗಾದರೆ ನೀವು ಒಳ್ಳೆಯ ಬದಲಿಯನ್ನೇ ಹಿಡಿದಿದ್ದೀರಿ. ಹುದುಗಿಸಿದ ಸೋಯಾ ಹುಡುಕಿ ಜಪಾನಿಗೆ ಹೋಗಬೇಕಿಲ್ಲ. ನಾಗಾಲ್ಯಾಂಡಿನ ಅಖುನಿ, ಮಣಿಪುರದ ಹವಾಯ್‌ಜಾರ್, ಮೇಘಾಲಯದ ತುಂಗ್ರಿಂಬಾಯ್, ಸಿಕ್ಕಿಂ ಮತ್ತು ಡಾರ್ಜಿಲಿಂಗ್ ಕಡೆಯ ಕಿನೆಮಾ, ಎಲ್ಲ ಸೋಯಾ ಹುದುಗಿಸಿದವೇ. ಬೆಂಗಳೂರಿನಲ್ಲಿ ಈಶಾನ್ಯದವರು ನಡೆಸುವ ಅಂಗಡಿಗಳಲ್ಲಿ ಅಖುನಿ ಸಿಗುತ್ತದೆ. ನನಗೆ ತಮ್ಮ ಬಸ್ಸಿನಲ್ಲಿ ಕಳಿಸುತ್ತಾನೆ, ಮೂರು ಪ್ಲಾಸ್ಟಿಕ್ ಸುತ್ತಿ.

ಇವನ್ನು ಹುದುಗಿಸುವುದು ಬ್ಯಾಸಿಲಸ್ ಜಾತಿಯ ಸೂಕ್ಷ್ಮಾಣು. ಮೆಜುವಿನಲ್ಲೂ ಅದೇ ಬಳಗ ಕೆಲಸ ಮಾಡುತ್ತದೆ. ಮಿಸೊ ಆಗುವುದು ಕೋಜಿ ಎಂಬ ಬೂಷ್ಟಿನಿಂದ. ಹಾಗಾಗಿ ಅಖುನಿ ದ್ವೆನ್‌ಜಾಂಗ್‌ಗೆ ಹತ್ತಿರ, ಮಿಸೊಗೆ ದೂರ. ಬಿಳಿ ಮಿಸೊ ಬದಲು ಅಖುನಿ ಹಾಕಿದರೆ ಹೊಂದುವುದೇ ಇಲ್ಲ.

ಅಳತೆ ತಪ್ಪುವುದು ಉಪ್ಪಿನಲ್ಲಿ. ಅಖುನಿ, ಕಿನೆಮಾ ಮಾಡುವಾಗ ಉಪ್ಪು ಹಾಕುವುದಿಲ್ಲ. ಒಂದು ದೊಡ್ಡ ಚಮಚ ದ್ವೆನ್‌ಜಾಂಗ್ ಬದಲು ಒಂದು ಸಣ್ಣ ಚಮಚ ಅಖುನಿ, ಕಾಲು ಸಣ್ಣ ಚಮಚ ಉಪ್ಪು. ಮೈಗೆ ಒಂದು ಚಮಚ ಪುಟಾಣಿ ಹಿಟ್ಟು. ಮತ್ತೆ ಅಖುನಿಯನ್ನು ಹಸಿಯಾಗಿ ಕೊನೆಯಲ್ಲಿ ಹಾಕಬೇಡಿ. ಈರುಳ್ಳಿ ಜೊತೆ ಬಾಡಿಸಿ, ಚೆನ್ನಾಗಿ ಕುದಿಸಿ. ಹತ್ತು ಹದಿನೈದು ನಿಮಿಷ ಕುದಿದ ಮೇಲೆ ವಾಸನೆಯ ಮೊನೆ ಮುರಿಯುತ್ತದೆ.

ವಾಸನೆ ಬಂತು ಎಂದರೆ ಕೆಟ್ಟಿದೆ ಎಂದಲ್ಲ. 2007ರಲ್ಲಿ ದೆಹಲಿ ಪೊಲೀಸರು ಈಶಾನ್ಯದ ವಿದ್ಯಾರ್ಥಿಗಳಿಗೆಂದು ಹೊರಡಿಸಿದ ಪುಸ್ತಿಕೆಯಲ್ಲಿ ಅಖುನಿಯನ್ನೂ ಕಳಲೆಯನ್ನೂ ಹೆಸರಿಸಿ, ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ಅಡುಗೆ ಮಾಡಿ ಎಂದು ಬುದ್ಧಿ ಹೇಳಿದ್ದರು. ನಮ್ಮ ಮಲೆನಾಡಿನವರು ಆ ಕಳಲೆಗೇ ಮಳೆಗಾಲವಿಡೀ ಕಾಯುತ್ತಾರೆ! ಕಿಟಕಿ ತೆರೆದಿಡಿ, ಪಕ್ಕದವರಿಗೆ ಒಂದು ಬಟ್ಟಲು ಕೊಡಿ.

ಕಿನೆಮಾ ಅಥವಾ ಜಪಾನಿನ ನಾಟ್ಟೊ (ಇದೂ ಹುದುಗಿಸಿದ ಸೋಯಾ ಕಾಳೇ) ಬಳಸಿದರೆ ಚಮಚ ಎತ್ತಿದಾಗ ಬೆಂಡೆಕಾಯಿಯಂತೆ ಲೋಳೆಯ ದಾರ ಎಳೆಯುತ್ತದೆ. ಅದು ಅದರ ಸಹಜ ಗುಣ. ಆದರೆ ಮಿಸೊ ಡಬ್ಬಿಯಲ್ಲಿ ಲೋಳೆ ಕಂಡರೆ ಅದು ಸಹಜವಲ್ಲ.

"ಹಳೆ ಡಬ್ಬಿ ಸಿಕ್ಕಿತು, ಮೇಲೆ ಏನೋ ಇದೆ"

ಬಣ್ಣ ಗಾಢವಾಗಿದ್ದರೆ ಬರೀ ವಯಸ್ಸು. ರುಚಿ ಸ್ವಲ್ಪ ಗಡುಸಾಗಿರುತ್ತದೆ. ಮೇಲೆ ಕಂದು ನೀರು ನಿಂತಿದ್ದರೆ ಅದು ಬಸಿದ ಕಟ್ಟು, ಕಲಸಿಬಿಡಿ. ಒಳಗೆ ಬಿಳಿ ಗಟ್ಟಿ ಚುಕ್ಕಿಗಳು ಹಲ್ಲಿಗೆ ಮರಳಿನಂತೆ ಸಿಕ್ಕರೆ ಅದು ಟೈರೊಸಿನ್ ಎಂಬ ಅಮಿನೊ ಆಮ್ಲದ ಹರಳು, ಅಪಾಯವಿಲ್ಲ.

ಹಸಿರು, ಕಪ್ಪು, ಗುಲಾಬಿ ಬೂಷ್ಟು ಬಂದಿದ್ದರೆ, ಮುಚ್ಚಳ ಉಬ್ಬಿದ್ದರೆ, ತೆರೆದಾಗ ಕೊಳೆತ ವಾಸನೆ ಹೊಡೆದರೆ ಡಬ್ಬಿಯನ್ನೇ ಎಸೆಯಿರಿ. ರುಚಿ ನೋಡಿ ತೀರ್ಮಾನಿಸೋಣ ಎನ್ನಬೇಡಿ. ಮೇಲಿನ ಪದರ ಕೆರೆದು ಬಳಸುವುದು ಅಜ್ಜಿಯರ ರೂಢಿ ಇರಬಹುದು, ಯಾವ ಬೂಷ್ಟು ಒಳ್ಳೆಯದು ಯಾವುದು ಕೆಟ್ಟದ್ದು ಎಂದು ಅವರ ಕಣ್ಣಿಗೆ ಗೊತ್ತು, ನಮಗೆ ಗೊತ್ತಿಲ್ಲ.

ಇಲ್ಲಿ ನಿಲ್ಲಿ

ಇಡ್ಲಿ ಹಿಟ್ಟು ಹುದುಗಿಸುವ ನಮಗೆ ಪೇಸ್ಟ್ ಏನು ಮಹಾ ಎಂದು ನನಗೂ ಅನಿಸಿತ್ತು. ಒಂದು ಬೇಸಿಗೆ ಸೋಯಾ ಬೇಯಿಸಿ ಭರಣಿಯಲ್ಲಿಟ್ಟೆ. ಎರಡು ವಾರಕ್ಕೆ ಮೂರು ಬಣ್ಣದ ಬೂಷ್ಟು. ಚೆಲ್ಲಿದೆ, ಒಳ್ಳೆಯದೇ ಆಯಿತು. ಇಡ್ಲಿ ಹಿಟ್ಟು ಒಂದು ರಾತ್ರಿಯಲ್ಲಿ ಹುಳಿಯಾಗುತ್ತದೆ, ಬೆಳಿಗ್ಗೆ ಹಬೆಯಲ್ಲಿ ಬೇಯುತ್ತದೆ. ಪೇಸ್ಟ್ ತಿಂಗಳುಗಟ್ಟಲೆ ಕೂರುತ್ತದೆ. ತಪ್ಪು ಬೂಷ್ಟು ಬಂದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಬಹುದು, ಅದು ಕುದಿಸಿದರೂ ಹೋಗುವುದಿಲ್ಲ. ಉಪ್ಪು ಕಡಿಮೆಯಾಗಿ ಗಾಳಿಯಾಡದಿದ್ದರೆ ಬಾಟ್ಯುಲಿಸಂ ಎಂಬ, ನರಗಳ ಶಕ್ತಿ ಕುಂದಿಸುವ ಕಾಯಿಲೆ ತರುವ ಸೂಕ್ಷ್ಮಾಣು ಬೆಳೆಯಬಹುದು. ಚೀನಾದ ಶಿನ್‌ಜಿಯಾಂಗ್‌ನಲ್ಲಿ ಮನೆಯಲ್ಲಿ ಹುದುಗಿಸಿದ ಕಾಳಿನ ಪದಾರ್ಥಗಳಿಂದ ಈ ಕಾಯಿಲೆ ಬಂದದ್ದು ದಾಖಲಾಗಿದೆ. ಬಲ್ಲವರ ಕೈಕೆಳಗೆ ಕಲಿಯದೆ, ಕೋಜಿ ಮತ್ತು ಸರಿಯಾದ ಉಪ್ಪಿನ ಅಳತೆ ಇಲ್ಲದೆ ಇದಕ್ಕೆ ಇಳಿಯಬೇಡಿ.

ಹುದುಗಿಸಿದ್ದನ್ನು ತಿಂದ ಮೇಲೆ ರೆಪ್ಪೆ ಜೋತುಬಿದ್ದರೆ, ಒಂದು ಎರಡಾಗಿ ಕಂಡರೆ, ನುಂಗಲು ಮಾತಾಡಲು ತೊಡಕಾದರೆ ಮನೆಮದ್ದು ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿ. ಏನು ತಿಂದಿರಿ ಎಂದು ವೈದ್ಯರಿಗೆ ಹೇಳಿ. ತಿಂದ ಸ್ವಲ್ಪ ಹೊತ್ತಿಗೆ ತುಟಿ, ಮುಖ ಊದಿ ಉಸಿರಿಗೆ ತೊಂದರೆ ಆದರೆ ಅದು ಸೋಯಾ ಅಲರ್ಜಿ ಇರಬಹುದು, 108ಕ್ಕೆ ಕರೆ ಮಾಡಿ. ಗ್ಲುಟೆನ್ (ಗೋಧಿ, ಬಾರ್ಲಿಯಲ್ಲಿರುವ ಪ್ರೊಟೀನ್) ಆಗದವರು ಗೋಧಿ ಹಾಕಿದ ಸೋಯಾ ಸಾಸ್, ಬಾರ್ಲಿ ಮಿಸೊ, ಮಾರ್ಮೈಟ್ ಮೂರನ್ನೂ ಬಿಡಬೇಕು.

ಮಾತ್ರೆ ತೆಗೆದುಕೊಳ್ಳುವವರಿಗೆ ಎರಡು ಮಾತು. ಖಿನ್ನತೆಗೆ ಕೊಡುವ ಎಂಎಒ ತಡೆಯುವ ಗುಂಪಿನ ಔಷಧಿ ಇದ್ದರೆ ಹುದುಗಿಸಿದ ಸೋಯಾದಲ್ಲಿರುವ ಟೈರಮಿನ್ ಬಿಪಿಯನ್ನು ದಿಢೀರ್ ಏರಿಸಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ನಾಟ್ಟೊ ಆಗದು, ಅದರಲ್ಲಿ ಕೆ ವಿಟಮಿನ್ ಬಹಳ. ವೈದ್ಯರನ್ನು ಕೇಳದೆ ಬಡಿಸಬೇಡಿ.

ಯಾವ ಅಡುಗೆಗೆ ಬದಲಿ ಹುಡುಕಲೇಬಾರದು

ತರಕಾರಿ ತುಂಬಿದ ಜಿಗೆ, ನೂಡಲ್ಸ್ ಸಾರು, ಬದನೆಕಾಯಿಗೆ ಸವರುವ ಗೊಜ್ಜು, ಇವುಗಳಲ್ಲಿ ಪುಟಾಣಿ ಬದಲಿ ಚೆನ್ನಾಗಿ ಅಡಗಿಕೊಳ್ಳುತ್ತದೆ. ತೋಫು ಎರಡು ತುಂಡು ಮಾತ್ರ ತೇಲುವ ತಿಳಿ ಮಿಸೊ ಸಾರಿನಲ್ಲಿ ಅಡಗಲು ಜಾಗವೇ ಇಲ್ಲ. ಮಿಸೊದಲ್ಲಿ ರಾತ್ರಿಯಿಡೀ ಹೂತಿಟ್ಟು ಸುಡುವ ಕ್ಯೋಟೊದ ಮೀನಿಗೂ ಅಷ್ಟೇ. ಆ ಎರಡಕ್ಕೆ ನಾನು ಈಗ ಬದಲಿ ಮಾಡುವುದಿಲ್ಲ, ಡಬ್ಬಿ ತರಿಸುತ್ತೇನೆ.

ತರಿಸುವಾಗ ಪಟ್ಟಿ ಓದಿ. ಸೋಯಾ, ಅಕ್ಕಿ, ಉಪ್ಪು ಇಷ್ಟಿದ್ದರೆ ಒಳ್ಳೆಯದು. ದಾಶಿ ಸೇರಿಸಿದ ಮಿಸೊ ಕೂಡ ಅದೇ ರೀತಿಯ ಡಬ್ಬಿಯಲ್ಲಿ ಬರುತ್ತದೆ, ಅದರಲ್ಲಿ ಸಾಮಾನ್ಯವಾಗಿ ಮೀನಿರುತ್ತದೆ. ಸಸ್ಯಾಹಾರಿಗಳು ಹಸಿರು ಗುರುತು ನೋಡದೆ ತೆಗೆದುಕೊಳ್ಳಬೇಡಿ. ಒಮ್ಮೆ ತಂದ ಅರ್ಧ ಕಿಲೊ ನಮ್ಮ ಮನೆಗೆ ಏಳೆಂಟು ತಿಂಗಳು ಬರುತ್ತದೆ. ಫ್ರೀಜರ್‌ನಲ್ಲೇ ಇಡುತ್ತೇನೆ. ಉಪ್ಪಿನ ದೆಸೆಯಿಂದ ಅದು ಕಲ್ಲಾಗುವುದಿಲ್ಲ, ಹೊರಗೆ ತೆಗೆದ ಕೂಡಲೇ ಚಮಚ ಇಳಿಯುತ್ತದೆ.